ಕಾಲು ಸೆಕೆಂಡಿನ ಅಡಿಕೆ ತೋಟ: ಶಟರ್ ತೆರೆದಿರುವಾಗ ಕ್ಯಾಮೆರಾ ಆಡಿಸಿದರೆ ಏನಾಗುತ್ತದೆ?

ಅಡಿಕೆ ತೋಟದ ನಡುವೆ ನಿಂತು ಶಟರನ್ನು, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲನ್ನು, ಕಾಲು ಸೆಕೆಂಡು ತೆರೆದಿಡಿ. ಆ ಹೊತ್ತಿನಲ್ಲಿ ಕ್ಯಾಮೆರಾವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಇಳಿಸಿ. ಫೋಟೊದಲ್ಲಿ ಕಳೆ, ಬಿದ್ದ ಸೋಗೆ, ಹಾಳೆ, ಕಾಲುವೆಯ ಅಂಚು ಎಲ್ಲ ಕರಗಿಹೋಗಿ ಮರಗಳು ಮಾತ್ರ ಉಳಿದಿರುತ್ತವೆ. ಬೂದು ಬಣ್ಣದ ನೆಟ್ಟನೆಯ ಪಟ್ಟಿಗಳು, ಅವುಗಳ ನಡುವೆ ತುಂಬಿಕೊಂಡ ಹಸಿರು. ಈಗ ಅಲ್ಲೇ ನಿಂತು, ಅಷ್ಟೇ ಹೊತ್ತು, ಅಷ್ಟೇ ವೇಗದಲ್ಲಿ ಎಡದಿಂದ ಬಲಕ್ಕೆ ತಿರುಗಿಸಿ ಇನ್ನೊಂದು ತೆಗೆಯಿರಿ. ಈ ಸಲ ಒಂದು ಮರವೂ ಕಾಣುವುದಿಲ್ಲ. ಹಸಿರು ಬೂದು ಕಲಸಿದ ಅಡ್ಡಗೆರೆಗಳಷ್ಟೇ.

ಎರಡೂ ‘ಶೇಕ್ ಆದ’ ಫೋಟೊಗಳೇ. ಆದರೂ ಒಂದರಲ್ಲಿ ತೋಟವಿದೆ, ಇನ್ನೊಂದರಲ್ಲಿ ಇಲ್ಲ. ಹೀಗೇಕೆ ಎಂಬುದು ಮನಸ್ಸಿಗೆ ಹತ್ತಿದರೆ ನಿಧಾನ ಶಟರಿನ ಛಾಯಾಗ್ರಹಣದ ಮುಕ್ಕಾಲು ಪಾಲು ಅರ್ಥವಾದಂತೆ. ಸುಮ್ಮನೆ ಆಡಿಸುತ್ತ ಹೋದರೆ ಯಾವಾಗಲೋ ಒಂದು ಚೆನ್ನಾಗಿ ಬರುತ್ತದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೃಷ್ಟಕ್ಕೂ ಇಲ್ಲಿ ಜಾಗವಿದೆ, ಆದರೆ ಅದರ ಅಡಿಯಲ್ಲಿ ಇರುವುದು ಒಂದು ಸರಳ ಕೂಡುವ ಲೆಕ್ಕ.

ಶಟರ್ ತೆರೆದಿರುವಷ್ಟು ಹೊತ್ತು ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕದ) ಒಂದೊಂದು ಚುಕ್ಕೆಯೂ ತನ್ನ ಮೇಲೆ ಬಿದ್ದ ಬೆಳಕನ್ನು ಕೂಡಿಸಿಕೊಳ್ಳುತ್ತ ಹೋಗುತ್ತದೆ. ಕೂಡುವುದಷ್ಟೇ ಅದರ ಕೆಲಸ. ಬಂದ ಬೆಳಕನ್ನು ಅಳಿಸುವುದು ಅದಕ್ಕೆ ಆಗದು, ಮೊದಲು ಬಂದದ್ದು ಯಾವುದು ಆಮೇಲೆ ಬಂದದ್ದು ಯಾವುದು ಎಂದು ನೆನಪಿಟ್ಟುಕೊಳ್ಳುವುದೂ ಆಗದು. ಕೊನೆಯಲ್ಲಿ ಉಳಿಯುವುದು ಮೊತ್ತ ಮಾತ್ರ. ಕ್ಯಾಮೆರಾ ಮೇಲಿಂದ ಕೆಳಕ್ಕೆ ಇಳಿದಾಗ ಮರದ ಮೇಲಿದ್ದ ಚುಕ್ಕೆ ಆ ಕಾಲು ಸೆಕೆಂಡು ಪೂರ್ತಿ ಅದೇ ಮರದ ಬೇರೆ ಬೇರೆ ಎತ್ತರಗಳನ್ನು ನೋಡುತ್ತದೆ. ಮೇಲೂ ಮರ, ಕೆಳಗೂ ಮರ. ಹಾಗಾಗಿ ಮೊತ್ತವೂ ಮರವೇ. ಕಾಂಡದ ಮೇಲಿನ ಉಂಗುರದಂಥ ಗೆರೆಗಳು, ಬಿಳಿ ಪಾಚಿಯ ಮಚ್ಚೆಗಳು ಒಂದರೊಳಗೊಂದು ಬೆರೆತು ನುಣುಪಾಗುತ್ತವೆ, ಆದರೆ ಕಾಂಡದ ಎರಡು ಅಂಚುಗಳಿಗೆ ಏನೂ ಆಗುವುದಿಲ್ಲ. ಅಡ್ಡಲಾಗಿ ತಿರುಗಿಸಿದಾಗ ಅದೇ ಚುಕ್ಕೆ ಸ್ವಲ್ಪ ಹೊತ್ತು ಮರ ನೋಡುತ್ತದೆ, ಸ್ವಲ್ಪ ಹೊತ್ತು ಸಂದು ನೋಡುತ್ತದೆ, ಮತ್ತೆ ಮರ, ಮತ್ತೆ ಸಂದು. ಪಕ್ಕದ ಚುಕ್ಕೆಯೂ ಹಾಗೆಯೇ. ಎಲ್ಲರ ಮೊತ್ತವೂ ಹೆಚ್ಚುಕಡಿಮೆ ಒಂದೇ ಆದಮೇಲೆ ಮರ ಕಾಣುವುದೆಲ್ಲಿಂದ?

ಇದರಿಂದ ಬರುವ ನಿಯಮ ಒಂದೇ ಸಾಲಿನದು: ಕೈ ಚಲಿಸುವ ದಿಕ್ಕಿಗೆ ಮಲಗಿದ ಗೆರೆಗಳು ಉಳಿಯುತ್ತವೆ, ಅದಕ್ಕೆ ಅಡ್ಡ ಬಂದ ಗೆರೆಗಳು ಅಳಿಯುತ್ತವೆ. ಕಡಲತೀರದಲ್ಲಿ ಕ್ಯಾಮೆರಾವನ್ನು ಅಡ್ಡಲಾಗಿ ಆಡಿಸುವುದು ಇದೇ ಕಾರಣಕ್ಕೆ. ಮರಳಿನ ಪಟ್ಟಿ, ನೊರೆಯ ಪಟ್ಟಿ, ನೀರು, ಆಕಾಶ ಎಲ್ಲವೂ ಅಡ್ಡಕ್ಕೆ ಮಲಗಿವೆ. ತೋಟದಲ್ಲಿ ಉದ್ದಕ್ಕೆ, ಕಡಲಲ್ಲಿ ಅಡ್ಡಕ್ಕೆ. ಯಾವ ಜಾಗಕ್ಕೆ ಹೋದರೂ ಮೊದಲು ಅಲ್ಲಿನ ಗೆರೆಗಳು ಯಾವ ಕಡೆ ಓಡುತ್ತಿವೆ ಎಂದು ನೋಡಿಕೊಂಡೇ ಕ್ಯಾಮೆರಾ ಎತ್ತುವುದು ನನ್ನ ಅಭ್ಯಾಸ.

ಕೂಡುವ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಹೆಚ್ಚು ಬೆಳಕುಳ್ಳದ್ದು ಸ್ವಲ್ಪ ಹೊತ್ತಿನಲ್ಲೇ ದೊಡ್ಡ ಮೊತ್ತ ಸೇರಿಸಿಬಿಡುತ್ತದೆ, ಕಪ್ಪು ಎಷ್ಟು ಹೊತ್ತು ನಿಂತರೂ ಏನನ್ನೂ ಸೇರಿಸುವುದಿಲ್ಲ. ಕಪ್ಪು ಅಂಗಿಯವನು ಬಿಳಿ ಗೋಡೆಯ ಮುಂದೆ ಹಾದುಹೋದರೆ ಗೋಡೆಯೇ ಅವನನ್ನು ನುಂಗುತ್ತದೆ. ಬಿಳಿ ಪಂಚೆ ಉಟ್ಟವರು ಕತ್ತಲ ಹಿನ್ನೆಲೆಯಲ್ಲಿ ನಡೆದರೆ ಅವರ ನಡಿಗೆ ಹೊಗೆಯ ಎಳೆಯಂತೆ ಮೂಡುತ್ತದೆ. ತೋಟದಲ್ಲಿ ನನಗೆ ಇದು ತಿಳಿದದ್ದು ತುಂಬ ಫೋಟೊ ಹಾಳಾದ ಮೇಲೆ. ಚೌಕಟ್ಟಿನ ಮೇಲ್ತುದಿಯಲ್ಲಿ ಮರದ ತಲೆಗಳ ನಡುವೆ ಅಂಗೈಯಗಲದ ಆಕಾಶ ಇಣುಕುತ್ತಿತ್ತು. ಕಣ್ಣಿಗೆ ಅದೇನು ದೊಡ್ಡದಾಗಿ ಕಂಡಿರಲಿಲ್ಲ. ಕ್ಯಾಮೆರಾ ಆಡಿಸಿದಾಗ ಆ ಬಿಳುಪು ಕೆಳಗೆ ಸುರಿದು ಕಾಂಡಗಳ ಮೇಲ್ಭಾಗವನ್ನೆಲ್ಲ ತಿಂದುಹಾಕಿತ್ತು. ಈಗ ಚೌಕಟ್ಟನ್ನು ತಲೆಗಿಂತ ಕೆಳಗೇ ನಿಲ್ಲಿಸುತ್ತೇನೆ, ಆಡಿಸುವಾಗಲೂ ಆಕಾಶ ಒಳಗೆ ಬಾರದಂತೆ ನೋಡಿಕೊಳ್ಳುತ್ತೇನೆ. ನೆತ್ತಿಯ ಬಿಸಿಲಲ್ಲಿ ಎಲೆಸಂದಿನಿಂದ ಇಳಿಯುವ ಬಿಸಿಲುಕೋಲುಗಳೂ ಇದೇ ಕಾಟ ಕೊಡುತ್ತವೆ. ಮೋಡ ಕವಿದ ದಿನ, ಮಳೆ ನಿಂತು ಕಾಂಡಗಳು ನೆನೆದು ಕಪ್ಪಾಗಿರುವ ಹೊತ್ತು, ಕಾಳುಮೆಣಸಿನ ಬಳ್ಳಿ ಹಬ್ಬಿದ ಮರಗಳ ಸಾಲು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ.

ಈ ಲೆಕ್ಕ ಛಾಯಾಗ್ರಹಣದಷ್ಟೇ ಹಳೆಯದು. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ಲೂಯಿ ಡಾಗೇರ್ ಪ್ಯಾರಿಸ್‌ನ ಬುಲ್‌ವಾರ್ ದ್ಯು ತಾಂಪ್ಲ್ ಎಂಬ ಗಿಜಿಗುಡುವ ಬೀದಿಯ ಚಿತ್ರ ತೆಗೆದರು. ಚಿತ್ರ ಮೂಡುವ ಲೋಹದ ತಟ್ಟೆಗೆ ಬೆಳಕು ಸಾಲಲು ಹಲವು ನಿಮಿಷ ಬೇಕಿತ್ತು. ಅಷ್ಟು ಹೊತ್ತಿನಲ್ಲಿ ಗಾಡಿಗಳು, ಕುದುರೆಗಳು, ನಡೆದಾಡುವ ಜನ ಎಲ್ಲರೂ ಮಾಯವಾಗಿ ಬೀದಿ ಬಿಕೋ ಎನ್ನುವಂತೆ ಬಂತು. ಮೂಲೆಯಲ್ಲಿ ಒಬ್ಬ ಮಾತ್ರ ಉಳಿದ, ಒಂದು ಕಾಲನ್ನು ಮುಂದಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನು. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಅವನೊಬ್ಬ ಎಂದು ಹೇಳುತ್ತಾರೆ. ಅವನು ಉಳಿದದ್ದು ನಿಂತದ್ದರಿಂದ.

ಇದೇ ಗುಣವನ್ನು ಬೇಕೆಂದೇ ಬಳಸಿದವರು ರಷ್ಯಾದ ಛಾಯಾಗ್ರಾಹಕ ಅಲೆಕ್ಸಿ ತಿತರೆಂಕೊ. ಸೋವಿಯತ್ ಒಕ್ಕೂಟ ಒಡೆದ 1990ರ ದಶಕದ ಮೊದಲ ವರ್ಷಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಿನ ಜನರನ್ನು ದೀರ್ಘ ಎಕ್ಸ್‌ಪೋಷರಿನಲ್ಲಿ, ಅಂದರೆ ಶಟರನ್ನು ಬಹಳ ಹೊತ್ತು ತೆರೆದಿಟ್ಟು, ತೆಗೆದರು. ಜನ ಹೊಗೆಯಾಗಿ ಮೆಟ್ಟಿಲು ಹತ್ತುತ್ತಾರೆ. ಆದರೆ ಕಂಬಿ ಹಿಡಿದ ಕೈಗಳು ಮಾತ್ರ ಅಲ್ಲಲ್ಲಿ ಕಾಣುತ್ತವೆ, ಏಕೆಂದರೆ ಆ ಕೈಗಳು ಒಂದು ಗಳಿಗೆ ನಿಂತಿದ್ದವು. ನನ್ನ ಮಟ್ಟಿಗೆ ಈ ವಿಧಾನದ ಶಕ್ತಿ ಪೂರ್ತಿ ತಿಳಿಯುವುದು ಆ ಕೈಗಳಲ್ಲಿ. ಯಾವುದನ್ನು ಕರಗಿಸಬೇಕು ಎಂಬುದಕ್ಕಿಂತ ಯಾವುದು ಒಂದಿಷ್ಟು ಹೊತ್ತು ನಿಲ್ಲಬೇಕು ಎಂಬುದೇ ಮುಖ್ಯ ಪ್ರಶ್ನೆ.

ಇದರಿಂದ ಒಂದು ಉಪಾಯ ಸಿಗುತ್ತದೆ. ಅರ್ಧ ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟುಕೊಂಡು, ಮೊದಲರ್ಧ ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿದು, ಉಳಿದರ್ಧದಲ್ಲಿ ಆಡಿಸಿ. ನಿಂತಾಗ ಬಂದ ಬೆಳಕು ಸ್ಪಷ್ಟ ರೂಪವನ್ನು ಬರೆದಿರುತ್ತದೆ, ಆಡಿಸಿದಾಗ ಬಂದದ್ದು ಅದರ ಮೇಲೆ ಬಣ್ಣ ಎಳೆದಿರುತ್ತದೆ. ಬಣ್ಣ ಬಣ್ಣದ ಹೂ, ಗುಡಿಯ ದೀಪಸ್ತಂಭ, ಒಂಟಿ ಮರ ಇಂಥವಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಇನ್ನು ಬೆಳಕಿನ ಮಾತು. ಸ್ವಚ್ಛ ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಎಂಬ ಅಳತೆ) 100, ಅಪರ್ಚರ್ (ಲೆನ್ಸಿನ ಕಿಂಡಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಎಫ್/16 ಇಟ್ಟರೆ ಶಟರ್ ಸುಮಾರು 1/125 ಸೆಕೆಂಡಿಗೆ ಬರುತ್ತದೆ. ಅಲ್ಲಿಂದ 1/4ಕ್ಕೆ ಇಳಿಯಬೇಕೆಂದರೆ 1/60, 1/30, 1/15, 1/8, 1/4 ಎಂದು ಐದು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಬೆಳಕು ಎರಡು ಪಟ್ಟಾಗುತ್ತದೆ, ಐದಕ್ಕೆ 32 ಪಟ್ಟು. ಅಷ್ಟು ಹೆಚ್ಚುವರಿ ಬೆಳಕನ್ನು ಎಲ್ಲಾದರೂ ತಡೆಯಲೇಬೇಕು, ಇಲ್ಲದಿದ್ದರೆ ಫೋಟೊ ಬೆಳ್ಳಗಾಗುತ್ತದೆ. ತಡೆಯುವುದಕ್ಕೆ ಲೆನ್ಸಿನ ಮುಂದೆ ಕಪ್ಪು ಗಾಜು ಹಾಕುತ್ತಾರೆ. ಅದನ್ನು ಎನ್‌ಡಿ ಫಿಲ್ಟರ್ ಎನ್ನುತ್ತಾರೆ. ಎನ್‌ಡಿ8 ಎಂದರೆ ಮೂರು ಮೆಟ್ಟಿಲು, ಎನ್‌ಡಿ64 ಎಂದರೆ ಆರು, ಎನ್‌ಡಿ1000 ಎಂದರೆ ಹತ್ತು. ಪೋಲರೈಜರ್ ಫಿಲ್ಟರ್ ಇದ್ದರೆ ಅದೇ ಒಂದೂವರೆ, ಎರಡು ಮೆಟ್ಟಿಲು ಬೆಳಕು ಕಡಿಮೆ ಮಾಡುತ್ತದೆ, ಜೊತೆಗೆ ಒದ್ದೆ ಎಲೆಗಳ ಹೊಳಪನ್ನೂ ತಗ್ಗಿಸುತ್ತದೆ.

ಆದರೆ ಅಡಿಕೆ ತೋಟಕ್ಕೆ ಹೋಗುವವರು ಮೊದಲ ದಿನವೇ ಫಿಲ್ಟರ್ ಕೊಳ್ಳಬೇಕಿಲ್ಲ. ದಟ್ಟ ತೋಟದ ನೆರಳು ಬಿಸಿಲಿಗಿಂತ ನಾಲ್ಕೈದು ಮೆಟ್ಟಿಲು ಕೆಳಗಿರುತ್ತದೆ. ತೋಟವೇ ಫಿಲ್ಟರಿನ ಕೆಲಸ ಮಾಡಿರುತ್ತದೆ. ಎಫ್/16ರಲ್ಲಿ 1/8 ಅಥವಾ 1/4 ತಾನಾಗಿ ಸಿಗುತ್ತದೆ. ಮಳೆಗಾಲದ ಮೋಡವಿದ್ದರೆ ಅಪರ್ಚರನ್ನು ಎಫ್/8ರ ತನಕ ತೆರೆಯಲೂಬಹುದು.

ತೆರೆಯಬಹುದಾದರೆ ತೆರೆಯುವುದೇ ಒಳ್ಳೆಯದು. ಏಕೆಂದು ನನಗೆ ಕಲಿಸಿದ್ದು ಧೂಳಿನ ಒಂದು ಕಣ. ಎಫ್/22ರಲ್ಲಿ ತೆಗೆದ ತೋಟದ ಚಿತ್ರವೊಂದರಲ್ಲಿ ಎಲ್ಲವೂ ನೀರಿನಲ್ಲಿ ಕಲಸಿದಂತೆ ಮೃದುವಾಗಿತ್ತು, ಆದರೆ ಬಲಮೇಲ್ಗಡೆ ಒಂದು ದುಂಡನೆಯ ಬೂದು ಚುಕ್ಕೆ ಸೂಜಿಯಲ್ಲಿ ಚುಚ್ಚಿದಂತೆ ನಿಂತಿತ್ತು. ಸೆನ್ಸರಿನ ಮೇಲೆ ಕೂತ ಧೂಳು ಕ್ಯಾಮೆರಾದ ಜೊತೆಗೇ ಚಲಿಸುತ್ತದೆ. ಎಲ್ಲವೂ ಆಡಿದರೂ ಅದು ಆಡುವುದಿಲ್ಲ. ಅಪರ್ಚರ್ ಕಿರಿದಾದಷ್ಟೂ ಅದರ ನೆರಳು ಗಟ್ಟಿಯಾಗುತ್ತದೆ. ಮಾಮೂಲಿ ಫೋಟೊದ ಎಲೆ ಗೆಲ್ಲುಗಳ ನಡುವೆ ಅಡಗಿರುತ್ತಿದ್ದ ಚುಕ್ಕೆ, ಈ ನುಣುಪಿನಲ್ಲಿ ಮೊದಲು ಕಣ್ಣಿಗೆ ಹೊಡೆಯುತ್ತದೆ.

ಕೈ ಹೇಗೆ ಆಡಿಸಬೇಕು ಎಂಬುದನ್ನು ಬರೆದು ಹೇಳುವುದು ಕಷ್ಟ, ಆದರೂ ಒಂದೆರಡು ಮಾತು. ಕಾಲು ಸೆಕೆಂಡಿನಲ್ಲಿ ನಿಧಾನವಾಗಿ ‘ಹೌದು’ ಎಂದು ತಲೆ ಆಡಿಸಿದಷ್ಟು ಚಲನೆ ಸಾಕು. ಶಟರ್ ಒತ್ತುವುದಕ್ಕೆ ಮೊದಲೇ ಚಲನೆ ಶುರುವಾಗಿರಬೇಕು, ಮುಚ್ಚಿದ ಮೇಲೂ ಮುಂದುವರಿಯಬೇಕು. ಒತ್ತಿದ ಮೇಲೆ ಆಡಿಸಲು ಹೊರಟರೆ ಗೆರೆಯ ತುದಿಯಲ್ಲಿ ಕೊಕ್ಕೆ ಬೀಳುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಸೊಂಟದಿಂದ ಬಾಗಿದರೆ ಗೆರೆ ನೇರ ಬರುತ್ತದೆ, ಬರೀ ಮಣಿಕಟ್ಟಿನಿಂದ ಆಡಿಸಿದರೆ ಕಮಾನಾಗುತ್ತದೆ. ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಇರುವ ಸ್ಟೆಬಿಲೈಜರನ್ನು ಆಫ್ ಮಾಡುವುದನ್ನು ಮರೆಯಬೇಡಿ. ಅಲುಗಾಟವನ್ನು ತಡೆಯುವುದೇ ಅದರ ಕೆಲಸ. ನೀವು ಆಡಿಸಿದಂತೆಲ್ಲ ಅದು ಎದುರು ತಳ್ಳುತ್ತದೆ, ಕೈಲಾಗದಾದಾಗ ಬಿಟ್ಟುಕೊಡುತ್ತದೆ. ಆಗ ನೆಟ್ಟನೆಯ ಮರ ನಡುವೆ ಸೊಟ್ಟಗಾಗುತ್ತದೆ.

ಇಲ್ಲಿಯ ತನಕ ಎದುರಿನದ್ದು ನಿಂತಿತ್ತು, ಕ್ಯಾಮೆರಾ ಆಡುತ್ತಿತ್ತು. ಎರಡೂ ಚಲಿಸಿದರೆ? ಅದಕ್ಕೆ ಕಂಬಳದಷ್ಟು ಒಳ್ಳೆಯ ಪಾಠಶಾಲೆ ನನಗೆ ಬೇರೆ ಗೊತ್ತಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. 1/1000 ಸೆಕೆಂಡಿನಲ್ಲಿ ಕೋಣ ಮುಂದೆ ಹೋಗುವುದು ಒಂದು ಸೆಂಟಿಮೀಟರ್ ಮಾತ್ರ, ಹಾಗಾಗಿ ನೀರಿನ ಒಂದೊಂದು ಹನಿಯೂ ಗಾಳಿಯಲ್ಲಿ ನಿಂತಂತೆ ಬರುತ್ತದೆ. ನೋಡಲು ಬೆರಗಾಗುತ್ತದೆ ನಿಜ, ಆದರೆ ಓಟ ಎಲ್ಲಿ ಹೋಯಿತು? 1/30ರಲ್ಲಿ ಅದೇ ಕೋಣ 35 ಸೆಂಟಿಮೀಟರ್ ಹೋಗಿರುತ್ತದೆ. ಕ್ಯಾಮೆರಾ ನಿಂತೇ ಇದ್ದರೆ ಅದು ಕಪ್ಪು ಮೋಡವಾಗಿ ಬರುತ್ತದೆ. ಕ್ಯಾಮೆರಾವನ್ನು ಕೋಣದ ಜೊತೆಗೇ ತಿರುಗಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಕೋಣದ ಮುಖ ಆ 1/30 ಸೆಕೆಂಡೂ ಸೆನ್ಸರಿನ ಅದೇ ಚುಕ್ಕೆಗಳ ಮೇಲೆ ಇರುತ್ತದೆ, ಹಿಂದಿನ ಜನಸಂದಣಿ, ತೆಂಗಿನಮರ, ಬ್ಯಾನರು ಎಲ್ಲ ಅಡ್ಡಗೆರೆಗಳಾಗಿ ಹರಿಯುತ್ತವೆ. ಇದನ್ನೇ ಪ್ಯಾನಿಂಗ್ ಎನ್ನುವುದು.

ಕರೆಯ (ಕೋಣಗಳು ಓಡುವ ಕೆಸರಿನ ಹಾದಿಯ) ಪಕ್ಕದಲ್ಲಿ 20 ಮೀಟರ್ ದೂರ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಕೋಣ ನೇರ ಎದುರಿಗೆ ಬಂದಾಗ ನೀವು ಸೆಕೆಂಡಿಗೆ 30 ಡಿಗ್ರಿ ವೇಗದಲ್ಲಿ ತಿರುಗುತ್ತಿರಬೇಕು. ಅದು ಇನ್ನೂ 45 ಡಿಗ್ರಿ ಪಕ್ಕದಲ್ಲಿರುವಾಗ ಅದರ ಅರ್ಧ ವೇಗ ಸಾಕು. ಅಂದರೆ ಕೋಣ ಒಂದೇ ವೇಗದಲ್ಲಿ ಓಡಿದರೂ ನಿಮ್ಮ ಸೊಂಟ ಒಂದೇ ವೇಗದಲ್ಲಿ ತಿರುಗಿದರೆ ಸಾಲದು, ಹತ್ತಿರವಾದಂತೆ ಚುರುಕಾಗಬೇಕು. ಹೊಸಬರ ಪ್ಯಾನಿಂಗ್ ತಪ್ಪುವುದು ಹೆಚ್ಚಾಗಿ ಇಲ್ಲೇ. ವೇಗ ಕಡಿಮೆ ಬದಲಾಗುವುದು ನೇರ ಎದುರಿನ ಆ ಒಂದು ಗಳಿಗೆಯಲ್ಲಿ, ಹಾಗಾಗಿ ಅತ್ಯಂತ ಸ್ಪಷ್ಟ ಚಿತ್ರ ಸಿಗುವುದೂ ಅಲ್ಲೇ. ಓಟ ಮುಗಿಯುವ ಮಂಜೊಟ್ಟಿಯ ಕಡೆ ನಿಂತು ಎದುರಿನಿಂದ ತೆಗೆಯುವವರ ಗುಂಪು ದೊಡ್ಡದು. ಪ್ಯಾನಿಂಗ್ ಬೇಕೆಂದರೆ ಅವರ ಜೊತೆ ನಿಲ್ಲದೆ ಕರೆಯ ಮಧ್ಯಭಾಗದ ಪಕ್ಕಕ್ಕೆ ಬರಬೇಕು. ಸ್ಟೆಬಿಲೈಜರ್ ಇಲ್ಲಿ ಇರಬಹುದು, ಆದರೆ ಮೇಲೆ ಕೆಳಗಿನ ಅಲುಗಾಟವನ್ನು ಮಾತ್ರ ತಡೆಯುವ ಪ್ಯಾನಿಂಗ್ ಮೋಡಿನಲ್ಲಿರಬೇಕು.

ಚೆನ್ನಾಗಿ ಬಂದ ಪ್ಯಾನಿಂಗನ್ನು ಹತ್ತಿರದಿಂದ ನೋಡಿದರೆ ಒಂದು ಚೋದ್ಯ ಕಾಣುತ್ತದೆ. ಕೋಣದ ಮುಖ, ಭುಜ, ನೊಗ ಸ್ಪಷ್ಟ. ಓಟಗಾರನ ಎದೆಯೂ ಹೆಚ್ಚುಕಡಿಮೆ ಸ್ಪಷ್ಟ. ಕಾಲುಗಳು ಮಾತ್ರ ಇಲ್ಲ. ಕೆಸರಿಗೆ ಊರಿದ ಕಾಲು ಆ ಗಳಿಗೆಯಲ್ಲಿ ಕೋಣದ ಜೊತೆ ಇರುವುದಿಲ್ಲ, ನೆಲದ ಜೊತೆ ಇರುತ್ತದೆ. ಆದ್ದರಿಂದ ನೆಲದಂತೆಯೇ ಅದೂ ಗೆರೆಯಾಗುತ್ತದೆ. ಮುಂದಕ್ಕೆ ಎತ್ತಿ ಹಾಕುವ ಕಾಲು ಕೋಣಕ್ಕಿಂತ ವೇಗವಾಗಿರುತ್ತದೆ, ಅದೂ ಅಳಿಯುತ್ತದೆ. ಕಾಲಿಲ್ಲದ ಕೋಣ ನೀರಿನ ಮೇಲೆ ತೇಲಿದಂತೆ ಬರುತ್ತದೆ. ನೂರು ತೆಗೆದರೆ ನನಗೆ ದಕ್ಕುವುದು ಐದಾರು, ಅಷ್ಟು ಸಿಕ್ಕರೂ ಆ ದಿನ ಸಾರ್ಥಕ ಎನಿಸುತ್ತದೆ. ಕನೆಹಲಗೆ ವಿಭಾಗದಲ್ಲಿ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯ ತನಕ ಚಿಮ್ಮುವಾಗ ಮಾತ್ರ 1/60ಕ್ಕಿಂತ ಕೆಳಗೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಅಲ್ಲಿ ನೀರಿನ ಎತ್ತರವೇ ಆಟ. ಅದು ಮಂಜಾಗಿಬಿಟ್ಟರೆ ಎಷ್ಟು ಹಾರಿತು ಎಂಬುದೇ ತಿಳಿಯದು.

ಜೋಗದ ಚಿತ್ರಗಳ ಬಗ್ಗೆಯೂ ನನಗೆ ಅದೇ ಅಭಿಪ್ರಾಯ. 253 ಮೀಟರ್ ಬೀಳುವ ನೀರನ್ನು ಹತ್ತು ಸೆಕೆಂಡು ತೆರೆದಿಟ್ಟು ಬಿಳಿ ಬಟ್ಟೆ ಒಣಹಾಕಿದಂತೆ ಮಾಡುವುದಕ್ಕಿಂತ, 1/4 ಅಥವಾ 1/2ರಲ್ಲಿ ನಿಲ್ಲಿಸಿದರೆ ರಾಜನ ಧಾರೆ ಬೇರೆ, ರೋರರ್‌ನ ಅಬ್ಬರ ಬೇರೆ ಎಂದು ಎಳೆ ಎಳೆಯಾಗಿ ಉಳಿಯುತ್ತದೆ.

ಬಣ್ಣದಲ್ಲಿ ಚಲನೆಯನ್ನು ಹಿಡಿಯುವ ದಾರಿಯನ್ನು ದೊಡ್ಡದಾಗಿ ತೆರೆದವರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಛಾಯಾಗ್ರಾಹಕ ಅರ್ನ್ಸ್ಟ್ ಹಾಸ್ ಒಬ್ಬರು. 1950ರ ದಶಕದಲ್ಲಿ ಅವರು ಸ್ಪೇನಿನ ಗೂಳಿಕಾಳಗವನ್ನು ನಿಧಾನ ಶಟರಿನಲ್ಲಿ ತೆಗೆದರು. ಆಗಿನ ಕೊಡಾಕ್ರೋಮ್ ಫಿಲ್ಮಿನ ವೇಗ 10ರ ಆಸುಪಾಸು, ಈಗಿನ ಕ್ಯಾಮೆರಾಗಳ ಐಎಸ್‌ಒ 100ಕ್ಕಿಂತ ಮೂರು ಮೆಟ್ಟಿಲಿಗೂ ಹೆಚ್ಚು ನಿಧಾನ. ಉಳಿದವರು ಕೊರತೆ ಎಂದುಕೊಂಡದ್ದರಲ್ಲಿ ಅವರು ಗೂಳಿಯ ರಭಸವನ್ನೂ ಕೆಂಪು ಬಟ್ಟೆಯ ಬೀಸನ್ನೂ ಕಂಡರು.

ತಿರುಗಿಸುವುದಕ್ಕೂ ಸಾಗುವುದಕ್ಕೂ ಇರುವ ವ್ಯತ್ಯಾಸವನ್ನೂ ಹೇಳಬೇಕು, ಬಹಳ ಜನ ಇದನ್ನು ಗಮನಿಸುವುದಿಲ್ಲ. ನಿಂತ ಜಾಗದಲ್ಲೇ ಕ್ಯಾಮೆರಾ ತಿರುಗಿಸಿದರೆ ಹತ್ತಿರದ ಬೇಲಿಯೂ ದೂರದ ಗುಡ್ಡವೂ ಒಂದೇ ಅಳತೆಯಲ್ಲಿ ಕಲಸುತ್ತವೆ. ಕ್ಯಾಮೆರಾವೇ ಜಾಗ ಬಿಟ್ಟು ಸಾಗಿದರೆ ಹಾಗಲ್ಲ. ತಾಳಗುಪ್ಪದ ರೈಲಿನ ಕಿಟಕಿಯಲ್ಲಿ ಕ್ಯಾಮೆರಾ ಹಿಡಿದು 1/15ರಲ್ಲಿ ಒತ್ತಿ ನೋಡಿ. ಹಳಿಯ ಪಕ್ಕದ ಹುಲ್ಲು ಗೆರೆಯಾಗುತ್ತದೆ, ನಡುವಿನ ಗದ್ದೆ ಅಂಚಷ್ಟೇ ಕದಡುತ್ತದೆ, ದೂರದ ಗುಡ್ಡ ಹಾಗೇ ನಿಲ್ಲುತ್ತದೆ. ಒಂದೇ ಚಿತ್ರದಲ್ಲಿ ದೂರವೂ ಹತ್ತಿರವೂ ಬೇರೆ ಬೇರೆಯಾಗುತ್ತವೆ. ಲೆನ್ಸಿನ ಸುತ್ತ ಚಕ್ರದಂತೆ ಸುತ್ತಿಸಿದರೆ ನಡುವೆ ಸ್ಪಷ್ಟತೆ ಉಳಿದು ಅಂಚುಗಳು ಸುಳಿಯಾಗುತ್ತವೆ. ಜೂಮ್ ಎಳೆದರೂ ಹೆಚ್ಚುಕಡಿಮೆ ಹಾಗೆಯೇ, ಗೆರೆಗಳು ಮಾತ್ರ ಸುತ್ತದೆ ಹೊರಕ್ಕೆ ಚಿಮ್ಮುತ್ತವೆ. ಇವೆರಡೂ ಬೇಗ ಬೇಸರ ತರುತ್ತವೆ ಎಂದು ನನಗನಿಸುತ್ತದೆ.

ಯಕ್ಷಗಾನದಲ್ಲಿ ಕ್ಯಾಮೆರಾ ಆಡಿಸುವುದೇ ಬೇಡ, ವೇಷವೇ ಎಲ್ಲ ಮಾಡುತ್ತದೆ. ತೆಂಕುತಿಟ್ಟಿನ ದಿಗಿಣ, ಬಡಗುತಿಟ್ಟಿನ ಮಂಡಿ ಕುಣಿತ ಎರಡೂ ಸುತ್ತುವ ಚಲನೆಗಳು. ಒಂದು ಸುತ್ತಿಗೆ ಒಂದು ಸೆಕೆಂಡು ಎಂದುಕೊಂಡರೆ 1/8 ಸೆಕೆಂಡಿನಲ್ಲಿ ವೇಷ 45 ಡಿಗ್ರಿ ತಿರುಗಿರುತ್ತದೆ. ಉಡುಗೆಯ ಅಂಚು ಬಳೆಯಾಗುತ್ತದೆ, ಮುಖ ಅಳಿದುಹೋಗುತ್ತದೆ. 1/30ಕ್ಕೆ ಏರಿಸಿದರೆ 12 ಡಿಗ್ರಿ, ಮುಖದ ಛಾಯೆ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಚೆಂಡೆಯನ್ನು ಕೇಳುವುದು. ಕುಣಿತದ ತುಂಡೊಂದು ಮುಗಿಯುವಾಗ ವೇಷಧಾರಿ ಗಕ್ಕನೆ ನಿಲ್ಲುತ್ತಾನೆ. ಆ ನಿಲುಗಡೆಗೆ ಸ್ವಲ್ಪ ಮೊದಲು ಒತ್ತಿ, ನಿಂತ ಮೇಲೂ ಒಂದಿಷ್ಟು ತೆರೆದಿರುವಂತೆ ಅರ್ಧ ಸೆಕೆಂಡು ಇಟ್ಟರೆ, ಸುತ್ತು ಬಣ್ಣವಾಗಿ, ನಿಲುವು ಮುಖವಾಗಿ ಒಂದೇ ಚಿತ್ರದಲ್ಲಿ ಬರುತ್ತವೆ. ಮೆಟ್ರೊ ಕಂಬಿಯ ಮೇಲಿನ ಕೈಗಳ ಲೆಕ್ಕವೇ ಇದು. ಶಟರ್ ಮುಚ್ಚುವ ಮುನ್ನ ಫ್ಲ್ಯಾಷ್ ಹೊಡೆಸಿಯೂ ಇದನ್ನು ಮಾಡಬಹುದು. ರಂಗಸ್ಥಳದಲ್ಲಿ ಕಲಾವಿದರ ಕಣ್ಣಿಗೆ ಫ್ಲ್ಯಾಷ್ ಹೊಡೆಯುವುದು ತಪ್ಪು ಎಂದು ನಂಬಿದವನು ನಾನು, ಆದ್ದರಿಂದ ಆ ದಾರಿ ಹಿಡಿದಿಲ್ಲ.

ಮೊಬೈಲಿನಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿಗೆ: ಆಗುತ್ತದೆ, ಬಿಸಿಲಲ್ಲಿ ಮಾತ್ರ ಕಷ್ಟ. ಹೆಚ್ಚಿನ ಫೋನುಗಳ ಅಪರ್ಚರ್ ಎಫ್/1.8ರ ಆಸುಪಾಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಕಿರಿದು ಮಾಡಲು ಬರುವುದಿಲ್ಲ. ಬಿಸಿಲಲ್ಲಿ ಐಎಸ್‌ಒ 50ಕ್ಕೆ ಇಳಿಸಿದರೂ ಶಟರ್ ಸುಮಾರು 1/5000ಕ್ಕೆ ಓಡುತ್ತದೆ. ಮುಸ್ಸಂಜೆಗೆ ಕಾದು ಪ್ರೊ ಮೋಡಿನಲ್ಲಿ 1/4 ಇಡಬಹುದು. ಐಫೋನಿನ ಲೈವ್ ಫೋಟೊದಲ್ಲಿ ಸಿಗುವ ಲಾಂಗ್ ಎಕ್ಸ್‌ಪೋಷರ್ ಬೇರೆ ಬಗೆಯದು. ಅದು ಸುಮಾರು ಮೂರು ಸೆಕೆಂಡಿನ ಹಲವು ಚಿತ್ರಗಳನ್ನು ಹೊಂದಿಸಿ ಕೂಡುತ್ತದೆ. ಹೊಂದಿಸುವಾಗ ಕೈಯ ಅಲುಗಾಟವನ್ನು ತೆಗೆದುಹಾಕುವುದರಿಂದ ನೀರಿಗೆ ಚೆನ್ನ, ತೋಟಕ್ಕೆ ಅಲ್ಲ.

ಕೈ ಪಳಗಿಸಲು ತೋಟಕ್ಕೂ ಕಂಬಳಕ್ಕೂ ಹೋಗಬೇಕೆಂದಿಲ್ಲ, ಮನೆಯ ಅಂಗಳ ಸಾಕು. ರಾತ್ರಿ ದೂರದ ಬೀದಿದೀಪವೊಂದನ್ನು ಕತ್ತಲ ಹಿನ್ನೆಲೆಯಲ್ಲಿ ಹಿಡಿದು, 1/4 ಸೆಕೆಂಡಿನಲ್ಲಿ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಬೀಸಿ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಅದರಿಂದ ಉರಿಯುವ ಬಹಳಷ್ಟು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಬೀಸಿದ ಕ್ಯಾಮೆರಾಕ್ಕೆ ತಿಳಿಯುತ್ತದೆ. ಗೆರೆಯ ಬದಲು 25 ಚುಕ್ಕೆಗಳ ಸಾಲು ಮೂಡುತ್ತದೆ. ಒಂದು ಚುಕ್ಕೆಯಿಂದ ಮುಂದಿನದಕ್ಕೆ ಸೆಕೆಂಡಿನ ನೂರರಲ್ಲೊಂದು ಭಾಗ. ಕೆಲವು ಎಲ್‌ಇಡಿಗಳು ಮಿನುಗದೆ ಅಖಂಡ ಗೆರೆ ಕೊಡುತ್ತವೆ, ಅಂಥದ್ದು ಸಿಕ್ಕರೆ ಪಕ್ಕದ ದೀಪ ಹುಡುಕಿ. ಈಗ ಆ ಚುಕ್ಕೆಗಳ ನಡುವಿನ ಅಂತರ ನೋಡಿ. ಶುರುವಿನಲ್ಲಿ ಒತ್ತೊತ್ತಾಗಿದ್ದು ಆಮೇಲೆ ಬಿಡಿಬಿಡಿಯಾಗಿದ್ದರೆ ಕೈ ತಡವಾಗಿ ಹೊರಟಿದೆ. ಕೊನೆಯಲ್ಲಿ ಒತ್ತಿಕೊಂಡಿದ್ದರೆ ಶಟರ್ ಮುಚ್ಚುವ ಮೊದಲೇ ಕೈ ನಿಂತಿದೆ. ನಡುವೆ ಸಾಲು ಬಾಗಿದ್ದರೆ ಮಣಿಕಟ್ಟು ತಿರುಗಿದೆ. ಚುಕ್ಕಿ ರಂಗೋಲಿಗೆ ಇಟ್ಟಂತೆ 25ಕ್ಕೆ 25 ಸಮ ಅಂತರದಲ್ಲಿ ಬೀಳುವ ತನಕ ನಾನು ಸುಮಾರು ಎರಡು ವಾರ ಊಟವಾದ ಮೇಲೆ ದಿನವೂ ಅಂಗಳದಲ್ಲಿ ನಿಂತಿದ್ದೆ.